ಶಿಲಾತೈಲವೂ ಅನುಮಾನಪ್ರಮಾಣವೂ

ಅನುಮಾನವೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಶಾಸ್ತ್ರದಲ್ಲಿ ಅದು ಒಂದು ಪ್ರಮಾಣ; ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವ ಜ್ಞಾನಸಾಧನ. ಮನೆಯ ಮಾತಿನಲ್ಲಿ ಅದು ಸಂಶಯ. "ಅವನು ಬರುವುದು ಅನುಮಾನ" ಎಂದರೆ ಬಾರದಿರುವ ಸಂಭವವೇ ಹೆಚ್ಚೆಂದು ತಾತ್ಪರ್ಯ. ಒಂದೇ ಶಬ್ದವು ವಿದ್ವಾಂಸನ ಬಾಯಲ್ಲಿ ನಿಶ್ಚಯಕ್ಕೂ ಗೃಹಸ್ಥನ ಬಾಯಲ್ಲಿ ಅನಿಶ್ಚಯಕ್ಕೂ ಹೆಸರಾಗಿರುವುದನ್ನು ಕಂಡು ಪಂಡಿತರು ಕೆಲವರು ನಗುವುದುಂಟು. ಆದರೆ ಬಹುಕಾಲ ತರ್ಕವನ್ನು ಓದಿ, ಅದಕ್ಕಿಂತಲೂ ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನನಗೆ, ಈ ಎರಡು ಅರ್ಥಗಳೂ ಒಂದೇ ಮನೆಯಲ್ಲಿರುವುದೇ ಉಚಿತವೆಂದು ತೋರುತ್ತದೆ. ಹಾಗೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪ್ರಶ್ನೆಯ ರೂಪದಲ್ಲಿ ಹೇಳುವುದಾದರೆ ವಿಷಯವು ಹೀಗಿದೆ. ಕಣ್ಣಿಗೆ ಕಾಣದ ವಸ್ತುವನ್ನು ಕುರಿತು ಒಬ್ಬನು ವಿಚಾರಮಾಡಿ ಒಂದು ಮಾತು ಹೇಳಿದನು, ಅದು ನಿಜವಾಗಲಿಲ್ಲ. ಅವನು ದೋಷಿಯೆ? ಇನ್ನೊಬ್ಬನು ಹೇಳಿದನು, ಅದು ನಿಜವಾಯಿತು. ಅಷ್ಟರಿಂದಲೇ ಅವನು ಜ್ಞಾನಿಯೆ? ಫಲವನ್ನು ನೋಡಿ ಜ್ಞಾನವನ್ನು ಅಳೆಯಬಹುದೆ? ಅಳೆಯಬಾರದೆಂದಾದರೆ ಬೇರೆ ಯಾವ ಅಳತೆಗೋಲುಂಟು?

ಇದನ್ನು ಹೊಗೆ ಬೆಂಕಿಗಳ ಉದಾಹರಣೆಯಿಂದಲೇ ಚರ್ಚಿಸುತ್ತ ಕುಳಿತರೆ ಮಾತು ಪಾಠಶಾಲೆಯ ಜಗಲಿಯಿಂದ ಕೆಳಗಿಳಿಯುವುದಿಲ್ಲ. ಆದುದರಿಂದ ಕೋಟ್ಯಂತರ ಹಣವೂ ಜನರ ಜೀವನವೂ ಅನುಮಾನವೊಂದನ್ನೇ ನೆಚ್ಚಿಕೊಂಡಿರುವ ಒಂದು ಶಾಸ್ತ್ರವನ್ನು ತೆಗೆದುಕೊಳ್ಳೋಣ. ಭೂಮಿಯೊಳಗಿನ ಎಣ್ಣೆಯನ್ನು ಹುಡುಕುವ ಶಾಸ್ತ್ರವೇ ಅದು. ಪೆಟ್ರೋಲಿಯಂ ಎಂಬ ಮಾತಿಗೆ ಶಿಲಾತೈಲವೆಂದೇ ಅರ್ಥ. ನಮ್ಮ ವಾಹನಗಳ ಪೆಟ್ರೋಲು, ಡೀಸೆಲು, ಹಿಂದೆ ಮನೆಮನೆಯ ದೀಪಕ್ಕೆ ಸುರಿಯುತ್ತಿದ್ದ ಸೀಮೆಎಣ್ಣೆ, ರಸ್ತೆಯ ಡಾಂಬರು ಎಲ್ಲವೂ ಇದರ ಸಂತಾನವೇ. ಇದನ್ನು ಹುಡುಕುವವನಿಗೆ ತಾನು ಹುಡುಕುವ ವಸ್ತುವು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ನೆಲದಿಂದ ಎರಡು ಮೂರು ಕಿಲೋಮೀಟರು ಕೆಳಗೆ, ಅನೇಕ ವೇಳೆ ಸಮುದ್ರದ ತಳಕ್ಕೂ ಕೆಳಗೆ, ಕಲ್ಲಿನೊಳಗೆ ಅಡಗಿರುತ್ತದೆ.

ಕಲ್ಲಿನೊಳಗೆ ಎಂದೆನಷ್ಟೆ. ಭೂಮಿಯ ಹೊಟ್ಟೆಯಲ್ಲಿ ದೊಡ್ಡ ದೊಡ್ಡ ಗುಹೆಗಳಿದ್ದು ಅವುಗಳಲ್ಲಿ ಎಣ್ಣೆಯು ಕೆರೆಯಂತೆ ನಿಂತಿದೆಯೆಂದು ಓದಿದವರೂ ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಇಟ್ಟಿಗೆಯನ್ನು ನೀರಿನಲ್ಲಿ ಅದ್ದಿದರೆ ಅದು ನೀರನ್ನು ಹೇಗೆ ಹೀರಿಕೊಳ್ಳುವುದೋ ಹಾಗೆ ಮರಳುಗಲ್ಲಿನ ಅಥವಾ ಸುಣ್ಣಕಲ್ಲಿನ ಸೂಕ್ಷ್ಮರಂಧ್ರಗಳಲ್ಲಿ ಎಣ್ಣೆಯು ತುಂಬಿಕೊಂಡಿರುತ್ತದೆ. ಒಳ್ಳೆಯ ಮರಳುಗಲ್ಲಿನಲ್ಲಿ ನೂರಕ್ಕೆ ಹತ್ತರಿಂದ ಮೂವತ್ತು ಪಾಲು ಇಂಥ ಬರಿದಾದ ಸ್ಥಳವಿರಬಹುದು. ಆ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ಮಾತ್ರ ಎಣ್ಣೆಯು ಬಾವಿಯ ಕಡೆಗೆ ಹರಿದು ಬರುವುದು.

ಇನ್ನು ಅದು ಅಲ್ಲಿಗೆ ಬಂದ ಬಗೆ. ನೈಯಾಯಿಕರು ಕಾರಣಸಾಮಗ್ರಿಯೆಂಬ ಮಾತನ್ನು ಬಳಸುತ್ತಾರೆ. ಮಣ್ಣು, ಚಕ್ರ, ಕುಂಬಾರ ಇವುಗಳಲ್ಲಿ ಒಂದಿದ್ದರೆ ಗಡಿಗೆ ಹುಟ್ಟುವುದಿಲ್ಲ. ಎಲ್ಲವೂ ನೆರೆದಾಗಲೇ ಕಾರ್ಯ. ಶಿಲಾತೈಲಕ್ಕೂ ಹೀಗೆಯೇ ಐದು ಅಂಗಗಳುಳ್ಳ ಸಾಮಗ್ರಿಯೊಂದು ಬೇಕು.

ಮೊದಲನೆಯದು ಪಕ್ವವಾದ ಜನಕಶಿಲೆ. ಬಹು ಹಿಂದಿನ ಸಮುದ್ರಗಳಲ್ಲಿಯೂ ಸರೋವರಗಳಲ್ಲಿಯೂ ಬದುಕಿದ್ದ ಪಾಚಿಯೂ ಬರಿಗಣ್ಣಿಗೆ ಕಾಣದ ಜೀವಾಣುಗಳೂ ಸತ್ತು ತಳಕ್ಕೆ ಬಿದ್ದು, ಪ್ರಾಣವಾಯುವಿಲ್ಲದ ಕೆಸರಿನಲ್ಲಿ ಕೊಳೆಯದೆ ಉಳಿದುವು. ಅವುಗಳ ಮೇಲೆ ಕೆಸರಿನ ಪದರಗಳು ಒಂದರ ಮೇಲೊಂದು ಬಿದ್ದು ಅವು ಆಳಕ್ಕೆ ಇಳಿದುವು. ಕೆಸರು ಕಲ್ಲಾಯಿತು, ಅದರೊಳಗಿನ ಜೀವಾಂಶವು ಕೆರೊಜೆನ್ ಎಂಬ ಗಟ್ಟಿ ದ್ರವ್ಯವಾಯಿತು. ಭೂಮಿಯೊಳಗೆ ಒಂದು ಕಿಲೋಮೀಟರು ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಗಳಷ್ಟು ಉಷ್ಣತೆ ಏರುತ್ತದೆ. ಸುಮಾರು 60ರಿಂದ 120 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ, ಲಕ್ಷಾಂತರ ಕೋಟ್ಯಂತರ ವರ್ಷಗಳ ಮಂದವಾದ ಬೇಯುವಿಕೆಯಿಂದ, ಆ ಕೆರೊಜೆನ್ ಎಣ್ಣೆಯನ್ನು ಬಿಡುತ್ತದೆ. ಕಾವು ಸಾಲದಿದ್ದರೆ ಎಣ್ಣೆಯಿಲ್ಲ. ಬಹಳ ಹೆಚ್ಚಿದರೆ ಎಣ್ಣೆಯು ಸೀದು ಅನಿಲವಾಗಿಹೋಗುವುದು. ಒಲೆಯ ಮುಂದೆ ನಿಂತ ಗೃಹಿಣಿಯರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಎರಡನೆಯದು ಮೇಲೆ ಹೇಳಿದ ರಂಧ್ರಗಳುಳ್ಳ ಆಶ್ರಯಶಿಲೆ. ಮೂರನೆಯದು ಅದರ ಮೇಲೆ ಮುಚ್ಚಳದಂತೆ ಬಿಗಿದು ಕೂತಿರುವ ಜೇಡಿಶಿಲೆ ಅಥವಾ ಉಪ್ಪಿನ ಪದರ. ನಾಲ್ಕನೆಯದು ಆಕಾರ. ಎಣ್ಣೆಯು ನೀರಿಗಿಂತ ಹಗುರ. ಭೂಮಿಯೊಳಗಿನ ರಂಧ್ರಗಳಲ್ಲೆಲ್ಲ ಉಪ್ಪುನೀರು ತುಂಬಿರುವುದರಿಂದ ಅದರ ನಡುವೆ ಎಣ್ಣೆಯು ಮೇಲುಮೇಲಕ್ಕೆ ಏರುತ್ತ ಹೋಗುತ್ತದೆ. ಶಿಲಾಪದರಗಳು ಕವುಚಿ ಹಾಕಿದ ಬೋಗುಣಿಯಂತೆ ಎಲ್ಲಿ ಬಾಗಿವೆಯೋ, ಅಥವಾ ಸ್ತರಭಂಗದಿಂದ ಮುರಿದು ದಾರಿ ಎಲ್ಲಿ ಮುಚ್ಚಿಹೋಗಿದೆಯೋ, ಅಲ್ಲಿ ಮಾತ್ರ ಅದು ಸಿಕ್ಕಿಕೊಂಡು ನಿಲ್ಲುವುದು. ಐದನೆಯದು ಕ್ರಮ. ಎಣ್ಣೆಯು ಹೊರಟು ಬರುವುದಕ್ಕೆ ಮೊದಲೇ ಬೋಗುಣಿ ಸಿದ್ಧವಾಗಿರಬೇಕು, ಅನಂತರವೂ ಅದು ಒಡೆಯದೆ ಉಳಿಯಬೇಕು. ಅತಿಥಿಯು ಬಂದು ಹೋದಮೇಲೆ ಚಾಪೆ ಹಾಸಿದರೆ ಪ್ರಯೋಜನವೇನು?

ಈ ಐದೂ ಕಣ್ಣಿಗೆ ಕಾಣವು. ಹಾಗಾದರೆ ಹೇತು ಯಾವುದು? ಹಲಸಿನ ಹಣ್ಣನ್ನು ತಟ್ಟಿ ಅದರ ಶಬ್ದದಿಂದ ಮಾಗಿದೆಯೋ ಇಲ್ಲವೋ ಎಂದು ನಾವು ತಿಳಿಯುತ್ತೇವೆ. ಭೂಮಿಯನ್ನೂ ಹಾಗೆಯೇ ತಟ್ಟುತ್ತಾರೆ. ನೆಲದ ಮೇಲೆ ಸಿಡಿಮದ್ದಿನಿಂದಲೋ ಭಾರಿ ಯಂತ್ರದ ಕಂಪನದಿಂದಲೋ, ಸಮುದ್ರದಲ್ಲಿ ಒತ್ತಿದ ಗಾಳಿಯನ್ನು ಒಮ್ಮೆಗೆ ಬಿಡುವುದರಿಂದಲೋ ಶಬ್ದವನ್ನು ಹುಟ್ಟಿಸುತ್ತಾರೆ. ಅದು ಒಳಗಿಳಿದು ಪದರಪದರಕ್ಕೂ ತಾಗಿ ಕೆಲವು ಸೆಕೆಂಡುಗಳಲ್ಲಿ ಮರುದನಿಯಾಗಿ ಬರುತ್ತದೆ. ಆ ಮರುದನಿಗಳ ಕಾಲವನ್ನು ಎಣಿಸಿ ಕೆಳಗಿನ ಪದರಗಳ ಆಕಾರವನ್ನು ಬರೆಯುತ್ತಾರೆ. 1921ರಲ್ಲಿ ಅಮೆರಿಕೆಯ ಓಕ್ಲಹೋಮದಲ್ಲಿ ಈ ಪದ್ಧತಿಯನ್ನು ಪರೀಕ್ಷಿಸಿ ನೋಡಿದರು. ಬಾವಿಯನ್ನು ಕೊರೆದ ಮೇಲೂ ಅನುಮಾನವು ಮುಗಿಯುವುದಿಲ್ಲ. ಎರಡು ಮೂರು ಕಿಲೋಮೀಟರು ಆಳದ, ಗೇಣಗಲದ ಕತ್ತಲೆಯ ರಂಧ್ರದಲ್ಲಿ ಏನಿದೆಯೆಂದು ಯಾರು ಇಣುಕಿ ನೋಡಬಲ್ಲರು? 1927ರ ಸೆಪ್ಟೆಂಬರಿನಲ್ಲಿ ಫ್ರಾನ್ಸ್ ದೇಶದ ಆಲ್ಸೇಸ್ ಸೀಮೆಯ ಪೆಷೆಲ್‌ಬ್ರಾನ್ ಎಂಬಲ್ಲಿ ಷ್ಲುಂಬರ್ಜೆ ಸೋದರರ ಉಪಕರಣವನ್ನು ಒಂದು ಬಾವಿಗೆ ಇಳಿಬಿಟ್ಟು ಶಿಲೆಗಳ ವಿದ್ಯುತ್‌ಪ್ರತಿರೋಧವನ್ನು ಅಳೆದರು. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುವುದು, ಎಣ್ಣೆ ಹರಿಯಗೊಡದು. ಆದಕಾರಣ ರಂಧ್ರಗಳುಳ್ಳ ಶಿಲೆಯಲ್ಲಿ ಪ್ರತಿರೋಧವು ಹೆಚ್ಚಿದರೆ ಅಲ್ಲಿ ಎಣ್ಣೆಯಿರಬಹುದೆಂದು ಊಹೆ.

ನಮ್ಮ ದೇಶದಲ್ಲಿಯೇ ಇಂಥ ಅನುಮಾನವು ಸಫಲವಾದ ಉದಾಹರಣೆಯುಂಟು. ಅಸ್ಸಾಮಿನ ಡಿಗ್ಬಾಯಿಯಲ್ಲಿ 1889ರಷ್ಟು ಹಿಂದೆಯೇ ಎಣ್ಣೆ ದೊರೆತಿತ್ತಾದರೂ, ಮುಂಬಯಿಯಿಂದ ಸುಮಾರು 160 ಕಿಲೋಮೀಟರು ದೂರದ ನಡುಗಡಲಿನಲ್ಲಿ ಎಣ್ಣೆಯಿದೆಯೆಂಬುದಕ್ಕೆ ಯಾವ ಹೊರಗುರುತೂ ಇರಲಿಲ್ಲ. 1960ರ ದಶಕದಲ್ಲಿ ಹಡಗಿನಿಂದ ಮರುದನಿಗಳನ್ನು ಹಿಡಿದು ಸಮುದ್ರತಳದ ಕೆಳಗೆ ದೊಡ್ಡದೊಂದು ಕವುಚಿದ ಆಕಾರವಿರುವುದನ್ನು ಕಂಡುಕೊಂಡರು. 1974ರ ಫೆಬ್ರವರಿಯಲ್ಲಿ ಸಾಗರ ಸಮ್ರಾಟ್ ಎಂಬ ಕೊರೆಯುವ ನೌಕೆಯು ಅಲ್ಲಿ ಎಣ್ಣೆಯನ್ನು ಮುಟ್ಟಿತು. ಬಾಂಬೆ ಹೈ ಎಂದು ಪ್ರಸಿದ್ಧವಾದ ಕ್ಷೇತ್ರವಿದೇ.

ಇಷ್ಟರಿಂದ ಈ ಶಾಸ್ತ್ರವು ತಪ್ಪದ ವಿದ್ಯೆಯೆಂದು ವಾಚಕರು ತಿಳಿಯಬಾರದು. ಇಲ್ಲಿ ತರ್ಕಶಾಸ್ತ್ರದ ಉಪಾಧಿಯೆಂಬ ವಿಚಾರವು ನೆನಪಿಗೆ ಬರುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂಬುದು ಸರಿ. ಬೆಂಕಿಯಿದ್ದಲ್ಲಿ ಹೊಗೆಯಿದೆಯೆಂಬುದು ಸರಿಯಲ್ಲ. ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಸೌದೆಯೆಂಬ ಇನ್ನೊಂದು ಸೇರಿದರೆ ಮಾತ್ರ ಹೊಗೆ. ಆ ಸೇರಬೇಕಾದದ್ದೇ ಉಪಾಧಿ. ಅದನ್ನು ಮರೆತು ಹೇಳಿದ ವ್ಯಾಪ್ತಿಯು ದುಷ್ಟವಾದದ್ದು. 1885ರಲ್ಲಿ ಅಮೆರಿಕೆಯ ಐ. ಸಿ. ವೈಟ್ ಎಂಬ ಭೂಗರ್ಭಶಾಸ್ತ್ರಜ್ಞನು ಶಿಲಾಪದರಗಳು ಕಮಾನಿನಂತೆ ಬಾಗಿದ ಕಡೆಗಳಲ್ಲಿ ಎಣ್ಣೆ ಮತ್ತು ಅನಿಲಗಳನ್ನು ಹುಡುಕಬೇಕೆಂಬ ಸಿದ್ಧಾಂತವನ್ನು ಪ್ರಕಟಿಸಿದನು. ಅದು ಮಹೋಪಕಾರಕವಾದ ಸಿದ್ಧಾಂತವೇ. ಆದರೆ "ಕಮಾನಿದ್ದಲ್ಲಿ ಎಣ್ಣೆಯಿದೆ" ಎಂದು ಅದನ್ನು ಮೊಟಕುಮಾಡಿಕೊಂಡು ಕೊರೆದವರಿಗೆ ಎಷ್ಟೋ ಕಮಾನುಗಳಲ್ಲಿ ಉಪ್ಪುನೀರು ಮಾತ್ರ ದೊರೆಯಿತು. ಜನಕಶಿಲೆ, ಮುಚ್ಚಳ, ಕ್ರಮ ಎಂಬ ಉಪಾಧಿಗಳು ಆ ಮೊಟಕುಮಾತಿನಲ್ಲಿ ಬಿಟ್ಟುಹೋಗಿದ್ದುವು.

ಎಲ್ಲ ಉಪಾಧಿಗಳನ್ನೂ ಗಮನಿಸಿದರೆ ನಿಶ್ಚಯ ದೊರೆಯುವುದೆ? ಅದೂ ಇಲ್ಲ. ಒಂದು ಸಣ್ಣ ಗಣಿತವನ್ನು ನೋಡೋಣ. ಐದು ಅಂಗಗಳಲ್ಲಿ ಒಂದೊಂದೂ ಇರುವ ಸಂಭವ ಹತ್ತಕ್ಕೆ ಎಂಟು ಎಂದಿಟ್ಟುಕೊಳ್ಳಿ. ಹತ್ತಕ್ಕೆ ಎಂಟೆಂದರೆ ಲೋಕವ್ಯವಹಾರದಲ್ಲಿ ನಾವು ಧೈರ್ಯವಾಗಿ ಹೆಜ್ಜೆಯಿಡುವಷ್ಟು ನಂಬಿಕೆ. ಆದರೆ ಒಂದರ ಇರವು ಇನ್ನೊಂದನ್ನು ಅವಲಂಬಿಸದಿದ್ದರೆ, ಐದೂ ಒಟ್ಟಿಗೆ ಇರುವ ಸಂಭವವು ಎಂಟರ ಐದು ಗುಣಾಕಾರದಿಂದ ನೂರಕ್ಕೆ ಸುಮಾರು 33 ಮಾತ್ರವಾಗುತ್ತದೆ. ಬಿಡಿಬಿಡಿಯಾಗಿ ನೋಡಿದಾಗ ಎಲ್ಲವೂ ಅನುಕೂಲವಾಗಿ ತೋರಿದರೂ ಒಟ್ಟಿನಲ್ಲಿ ಮೂರು ಬಾವಿಗಳಲ್ಲಿ ಎರಡು ಬರಿದಾಗುವುದೇ ಸಹಜ. ಒಳ್ಳೆಯ ಶಾಸ್ತ್ರಜ್ಞನು ತನ್ನ ವರದಿಯಲ್ಲಿ "ಇಲ್ಲಿ ಎಣ್ಣೆಯುಂಟು" ಎಂದು ಬರೆಯುವುದಿಲ್ಲ. "ಇಲ್ಲಿ ಮೂರರಲ್ಲಿ ಒಂದು ಪಾಲು ಸಂಭವವುಂಟು" ಎಂದು ಬರೆಯುತ್ತಾನೆ. ಶಾಸ್ತ್ರದ ಅನುಮಾನವೂ ಮನೆಮಾತಿನ ಅನುಮಾನವೂ ಆ ಒಂದು ವಾಕ್ಯದಲ್ಲಿ ಕೂಡಿಬಂದಿವೆ.

ಬಾವಿಯು ಬರಿದಾದಾಗಲೂ "ಎಣ್ಣೆಯಿಲ್ಲ" ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಅರ್ಥಗಳು ಅಡಗಿರುತ್ತವೆ. ನಮ್ಮ ತಾರ್ಕಿಕರು ಅಭಾವವನ್ನು ವಿಂಗಡಿಸಿದ್ದು ವ್ಯರ್ಥವಲ್ಲವೆಂದು ಇಲ್ಲಿ ತಿಳಿದುಬರುತ್ತದೆ. ಅಮೆರಿಕೆಯ ಕೊಲರಾಡೋ, ಯೂಟಾ, ವಯೋಮಿಂಗ್ ಪ್ರಾಂತಗಳಲ್ಲಿ ಗ್ರೀನ್ ರಿವರ್ ಎಂಬ ಶಿಲಾಶ್ರೇಣಿಯುಂಟು. ಸುಮಾರು ಐದು ಕೋಟಿ ವರ್ಷಗಳ ಹಿಂದಿನ ಸರೋವರಗಳ ಕೆಸರು ಅದು. ಕೆರೊಜೆನ್ ಅದರಲ್ಲಿ ಹೇರಳವಾಗಿದೆ. ಆದರೆ ಬಹುಭಾಗವು ಸಾಕಷ್ಟು ಆಳಕ್ಕೆ ಇಳಿದು ಕಾಯದ ಕಾರಣ ಎಣ್ಣೆಯಾಗಿಲ್ಲ. ಇದು ಪ್ರಾಗಭಾವ, ಇನ್ನೂ ಹುಟ್ಟದ ಇಲ್ಲದಿರುವಿಕೆ. ಹಿಂದೆ ಇದ್ದು ಈಗ ಹೋದದ್ದು ಪ್ರಧ್ವಂಸಾಭಾವ. ಅದರ ದೃಷ್ಟಾಂತವನ್ನು ಮುಂದೆ ಹೇಳುತ್ತೇನೆ. ಎಂದೂ ಇಲ್ಲದ್ದು ಅತ್ಯಂತಾಭಾವ. ಇದಕ್ಕೆ ಉದಾಹರಣೆ ನಮ್ಮ ಕಾಲ ಕೆಳಗೇ ಇದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು ಕಾಣದವರಾರು? ನೈಸ್ ಎಂಬ ಜಾತಿಯ ಆ ಶಿಲೆಯ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಕನ್ನಡನಾಡಿನ ದಕ್ಷಿಣಭಾಗದ ಹೆಚ್ಚಿನ ನೆಲವೆಲ್ಲ ಇಂಥ ಪುರಾತನ ಶಿಲೆಯೇ. ಆಳದ ಬೇಗೆಯಲ್ಲಿ ಬೆಂದು ಹರಳುಗಟ್ಟಿದ ಈ ಕಲ್ಲಿನಲ್ಲಿ ಜೀವಾಂಶದ ಕೆಸರೂ ಇಲ್ಲ, ಎಣ್ಣೆ ನಿಲ್ಲತಕ್ಕ ರಂಧ್ರಗಳೂ ಇಲ್ಲ.

ಎಣ್ಣೆಯನ್ನು ಹುಟ್ಟಿಸಲಾರದ ಶಿಲೆಯು ಅದನ್ನು ಕಾಪಾಡಬಲ್ಲುದೆಂಬುದನ್ನೂ ಪ್ರಸಂಗವಶಾತ್ ಹೇಳಬಹುದು. ಮಂಗಳೂರಿನಲ್ಲಿಯೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೂ ಇಂಥ ಗಟ್ಟಿಬಂಡೆಯೊಳಗೆ ಗವಿಗಳನ್ನು ಕೊರೆದು ದೇಶದ ಆಪತ್ಕಾಲಕ್ಕೆಂದು ಕಚ್ಚಾ ಎಣ್ಣೆಯನ್ನು ತುಂಬಿಡುವ ವ್ಯವಸ್ಥೆಯಿದೆ. ಒಂದು 15 ಲಕ್ಷ ಟನ್ನು, ಇನ್ನೊಂದು 25 ಲಕ್ಷ ಟನ್ನು ಹಿಡಿಯತಕ್ಕವು. ಸುತ್ತಲ ಅಂತರ್ಜಲದ ಒತ್ತಡವು ಎಣ್ಣೆಯ ಒತ್ತಡಕ್ಕಿಂತ ಹೆಚ್ಚಾಗಿರುವಂತೆ ನೋಡಿಕೊಳ್ಳುವುದರಿಂದ ಬಿರುಕುಗಳ ಮೂಲಕ ನೀರು ಒಳಕ್ಕೆ ಜಿನುಗಬಹುದೇ ಹೊರತು ಎಣ್ಣೆಯು ಹೊರಕ್ಕೆ ಸೋರದು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಎರಡು ಬಾವಿಗಳ ಕಥೆಯನ್ನು ಒಂದರ ಪಕ್ಕದಲ್ಲಿ ಒಂದನ್ನು ಇಡುತ್ತೇನೆ.

1859ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್ ಎಂಬ ಊರಿನ ಬಳಿ ಎಡ್ವಿನ್ ಡ್ರೇಕ್ ಎಂಬಾತನು ಒಂದು ಬಾವಿಯನ್ನು ಕೊರೆಯಿಸಿದನು. ಆತನು ಹಿಂದೆ ರೈಲ್ವೆಯಲ್ಲಿ ಕಂಡಕ್ಟರಾಗಿದ್ದವನು; ಭೂಗರ್ಭಶಾಸ್ತ್ರವನ್ನು ಓದಿದವನಲ್ಲ. ಆ ಹೊಳೆಯ ದಂಡೆಯಲ್ಲಿ ಎಣ್ಣೆ ಒಸರುತ್ತಿತ್ತು. ಒಸರುವಲ್ಲಿ ಕೊರೆದರೆ ಹೆಚ್ಚು ಸಿಕ್ಕೀತೆಂಬುದೇ ಅವನ ಯುಕ್ತಿ. ಸುಮಾರು 69 ಅಡಿಗೆ ಎಣ್ಣೆ ಬಂದಿತು. ಲೋಕವು ಅವನನ್ನು ತೈಲೋದ್ಯಮದ ಮೂಲಪುರುಷನೆಂದು ಕೊಂಡಾಡಿತು.

1983ರಲ್ಲಿ ಅಲಾಸ್ಕದ ಉತ್ತರಕ್ಕಿರುವ ಬೋಫರ್ಟ್ ಸಮುದ್ರದಲ್ಲಿ ಮಕ್‌ಲಕ್ ಎಂಬ ಬಾವಿಯನ್ನು ಕೊರೆದರು. ಅದಕ್ಕಾಗಿ ಜಲ್ಲಿಯನ್ನು ಸುರಿದು ಒಂದು ದ್ವೀಪವನ್ನೇ ಕಟ್ಟಿದರು. 1968ರಲ್ಲಿ ಪತ್ತೆಯಾದ ಪ್ರೂಡೋ ಬೇ ಎಂಬ ಮಹಾಕ್ಷೇತ್ರವು ಅಲ್ಲಿಗೆ ಬಹು ದೂರದಲ್ಲಿರಲಿಲ್ಲ. ಮರುದನಿಯ ಚಿತ್ರಗಳಲ್ಲಿ ವಿಶಾಲವಾದ ಕಮಾನು ಕಾಣುತ್ತಿತ್ತು. ಜನಕಶಿಲೆಯಿತ್ತು, ಆಶ್ರಯಶಿಲೆಯಿತ್ತು. ಆ ಕಾಲದ ಅತ್ಯುತ್ತಮ ತಜ್ಞರು ಪರೀಕ್ಷಿಸಿ ನೋಡಿದ ಸ್ಥಳವದು. ಭೂಮಿಯ ಹಕ್ಕಿಗೂ ಬಾವಿಗೂ ಸೇರಿ ನೂರು ಕೋಟಿ ಡಾಲರುಗಳಿಗೂ ಹೆಚ್ಚು ವೆಚ್ಚವಾಯಿತು. ಬಾವಿಯಲ್ಲಿ ದೊರೆತದ್ದು ಉಪ್ಪುನೀರು. ಅದರೊಂದಿಗೆ ಕಲ್ಲಿಗೆ ಅಂಟಿದ್ದ ಎಣ್ಣೆಯ ಕರೆ. ಎಣ್ಣೆಯು ಅಲ್ಲಿ ಒಂದು ಕಾಲದಲ್ಲಿ ಇದ್ದೇ ಇತ್ತು. ಮುಚ್ಚಳವು ಸೋರಿತೋ, ನೆಲವು ಓರೆಯಾಗಿ ಎಣ್ಣೆಯು ಬೇರೆ ಕಡೆಗೆ ಹರಿದುಹೋಯಿತೋ, ಅಂತೂ ಮನುಷ್ಯನು ಬರುವುದಕ್ಕೆ ಎಷ್ಟೋ ಯುಗಗಳ ಮೊದಲೇ ಅದು ಹೊರಟುಹೋಗಿತ್ತು. ಹಿಂದೆ ಹೇಳಿದ ಪ್ರಧ್ವಂಸಾಭಾವಕ್ಕೆ ದೃಷ್ಟಾಂತವಿದೇ.

ಫಲವನ್ನೇ ಅಳತೆಗೋಲಾಗಿ ಹಿಡಿದರೆ ಡ್ರೇಕನು ಜ್ಞಾನಿ, ಮಕ್‌ಲಕ್ಕಿನ ತಜ್ಞರು ಮೂಢರು. ಈ ತೀರ್ಪನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಆದರೆ ಮನಸ್ಸು ಹಿಂಜರಿದ ಮಾತ್ರಕ್ಕೆ ವಾದವು ಮುಗಿಯಲಿಲ್ಲ. ಪೂರ್ವಪಕ್ಷಿಯು ನಮ್ಮ ಶಾಸ್ತ್ರದಿಂದಲೇ ಒಂದು ಬಲವಾದ ಆಯುಧವನ್ನು ತೆಗೆಯಬಲ್ಲನು. ಅವನು ಹೀಗೆನ್ನುವನು: "ಜ್ಞಾನವು ನಿಜವೆಂಬುದಕ್ಕೆ ಸಫಲವಾದ ಪ್ರವೃತ್ತಿಯೇ ಸಾಕ್ಷಿಯೆಂದು ನಿಮ್ಮ ನೈಯಾಯಿಕರೇ ಹೇಳಿಲ್ಲವೆ? ಬಾಯಾರಿದವನು ದೂರದಲ್ಲಿ ನೀರನ್ನು ಕಂಡು ಹೋಗುತ್ತಾನೆ. ನೀರು ಸಿಕ್ಕಿ ಬಾಯಾರಿಕೆ ತೀರಿದರೆ ಅವನ ಜ್ಞಾನವು ಯಥಾರ್ಥ. ಮರಳು ಸಿಕ್ಕಿದರೆ ಭ್ರಾಂತಿ. ಬಾವಿಯಲ್ಲಿ ಎಣ್ಣೆ ಬಂದರೆ ಅನುಮಾನವು ಸರಿ, ಬಾರದಿದ್ದರೆ ತಪ್ಪು. ಬರಿದಾದ ಬಾವಿಯ ಬದಿಯಲ್ಲಿ ನಿಂತು ನನ್ನ ಯುಕ್ತಿ ಚೆನ್ನಾಗಿತ್ತೆಂದು ಹೇಳುವವನಿಗೂ ಮೈಗಳ್ಳನಿಗೂ ಏನು ವ್ಯತ್ಯಾಸ?"

ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಯುಕ್ತಿ ಚೆನ್ನಾಗಿತ್ತೆಂಬ ನೆವದಲ್ಲಿ ಅಶಕ್ತರೂ ಸೋಮಾರಿಗಳೂ ಅಡಗಿಕೊಳ್ಳುವುದು ನಿಜ. ಆದರೆ ಪೂರ್ವಪಕ್ಷಿಯು ಒಂದನ್ನು ಮರೆತಿದ್ದಾನೆ. ಬಾಯಾರಿದವನು ಹೇಳಿದ್ದು "ಅಲ್ಲಿ ನೀರಿದೆ" ಎಂದು. ಆ ಮಾತನ್ನು ಒಂದು ಸಲದ ನಡಿಗೆಯಿಂದ ಪರೀಕ್ಷಿಸಬಹುದು. ಶಾಸ್ತ್ರಜ್ಞನು ಹೇಳಿದ್ದು "ಇಲ್ಲಿ ಮೂರರಲ್ಲೊಂದು ಪಾಲು ಸಂಭವ" ಎಂದು. ಒಂದು ಬಾವಿ ಬರಿದಾದದ್ದರಿಂದ ಈ ಮಾತು ಸುಳ್ಳಾಗದು, ಒಂದು ಬಾವಿ ತುಂಬಿದ್ದರಿಂದ ನಿಜವೂ ಆಗದು. ಅದನ್ನು ಪರೀಕ್ಷಿಸಬೇಕಾದರೆ ಅವನು ಮೂರರಲ್ಲೊಂದೆಂದು ಹೇಳಿದ ಬಾವಿಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆ ಕೊಟ್ಟಿದ್ದರೆ ಅವನ ಮಾತಿಗೆ ತೂಕವುಂಟು. ಹತ್ತರಲ್ಲೊಂದೇ ಕೊಟ್ಟಿದ್ದರೆ ಅವನು ತನ್ನ ಆಸೆಯನ್ನು ಶಾಸ್ತ್ರವೆಂದು ಮಾರಿದವನು. ಹತ್ತರಲ್ಲಿ ಒಂಬತ್ತು ಕೊಟ್ಟಿದ್ದರೂ ಅವನು ನಿರ್ದೋಷಿಯಲ್ಲ. ತಿಳಿದದ್ದಕ್ಕಿಂತ ಕಡಮೆ ಹೇಳಿ ತನ್ನನ್ನು ಬಚ್ಚಿಟ್ಟುಕೊಂಡವನು. ಹೀಗೆ ಸಫಲಪ್ರವೃತ್ತಿಯೇ ಸಾಕ್ಷಿಯೆಂಬ ಸೂತ್ರವು ನಿಲ್ಲುತ್ತದೆ. ಆದರೆ ಸಾಕ್ಷಿ ಹೇಳಬೇಕಾದದ್ದು ಒಂದು ಬಾವಿಯಲ್ಲ, ಬಾವಿಗಳ ಸಾಲು.

ಇದರಿಂದ ಅಳತೆಗೋಲು ಸ್ಪಷ್ಟವಾಗುತ್ತದೆ. ಅನುಮಾನಿಸುವವನ ಧರ್ಮವು ತಪ್ಪದೆ ಇರುವುದಲ್ಲ. ಹೇತುವಿಗೆ ಎಷ್ಟು ಬಲವಿದೆಯೋ ಮಾತಿಗೂ ಅಷ್ಟೇ ಬಲವನ್ನು ಕೊಡುವುದು. ಈ ಧರ್ಮಕ್ಕೆ ಎರಡು ಕಡೆಯಿಂದ ಹಾನಿ ಬರಬಹುದು. ಎರಡಕ್ಕೂ ತೈಲದ ಇತಿಹಾಸದಲ್ಲಿ ನಿದರ್ಶನಗಳಿವೆ.

ಮೊದಲನೆಯದು ಸಂಶಯವನ್ನು ಮುಚ್ಚಿ ನಿಶ್ಚಯವನ್ನು ಹೇಳುವುದು. ತೈಲಸಂಸ್ಥೆಗಳು ತಮ್ಮ ನಿಕ್ಷೇಪಗಳನ್ನು ಸಿದ್ಧ, ಸಂಭವನೀಯ, ಶಕ್ಯ ಎಂದು ಮೂರು ತರಗತಿಗಳಾಗಿ ಲೆಕ್ಕಹಾಕುತ್ತವೆ. ಇಂದು ತಿಳಿದಿರುವ ಉಪಾಯಗಳಿಂದ ಲಾಭಕರವಾಗಿ ಹೊರತೆಗೆಯಬಹುದೆಂದು ನಿಶ್ಚಯಪ್ರಾಯವಾಗಿ ಹೇಳಬಹುದಾದದ್ದು ಮಾತ್ರ ಸಿದ್ಧ. ಹಣ ಹೂಡಿದ ಜನರು ನಂಬುವುದು ಆ ಒಂದು ಅಂಕಿಯನ್ನು. 2004ರ ಜನವರಿಯಲ್ಲಿ ಷೆಲ್ ಎಂಬ ದೊಡ್ಡ ಸಂಸ್ಥೆಯು ತಾನು ಸಿದ್ಧವೆಂದು ತೋರಿಸಿದ್ದರಲ್ಲಿ ಐದನೆಯ ಒಂದು ಪಾಲು, ಎಂದರೆ 390 ಕೋಟಿ ಬ್ಯಾರಲುಗಳಷ್ಟು, ಆ ತರಗತಿಗೆ ಸೇರತಕ್ಕದ್ದಲ್ಲವೆಂದು ಪ್ರಕಟಿಸಬೇಕಾಯಿತು. ಮಾರ್ಚಿಯಲ್ಲಿ ಅದರ ಅಧ್ಯಕ್ಷನು ಪದವಿಯನ್ನು ಬಿಟ್ಟನು. ಬ್ರಿಟನ್ನಿನಲ್ಲಿಯೂ ಅಮೆರಿಕೆಯಲ್ಲಿಯೂ ದಂಡ ವಿಧಿಸಲ್ಪಟ್ಟಿತು. ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಆ ಎಣ್ಣೆಯು ಭೂಮಿಯಲ್ಲಿಲ್ಲವೆಂದು ಯಾರೂ ಹೇಳಲಿಲ್ಲ. ದೋಷವು ವಸ್ತುವಿನಲ್ಲಿರಲಿಲ್ಲ, ವಿಶೇಷಣದಲ್ಲಿತ್ತು. ಹೇತುವು ಹೊರಲಾರದ ಭಾರವನ್ನು ಒಂದು ಶಬ್ದದ ಮೇಲೆ ಹೊರಿಸಿದ್ದರು.

ಎರಡನೆಯದು ನಿಶ್ಚಯವನ್ನು ಮುಚ್ಚಿ ಸಂಶಯವನ್ನು ಹೇಳುವುದು. ಎಣ್ಣೆಯನ್ನೂ ಕಲ್ಲಿದ್ದಲನ್ನೂ ಸುಟ್ಟರೆ ಹೊರಡುವ ಅಂಗಾರಾಮ್ಲವಾಯುವು ಆಕಾಶದಲ್ಲಿ ಸೇರಿ ಭೂಮಿಯ ಕಾವನ್ನು ಹೆಚ್ಚಿಸುತ್ತದೆಂಬುದು ಇಂದು ವಿವಾದವಿಲ್ಲದ ವಿಷಯ. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಆ ವಾಯುವು ಈಗ 420ನ್ನು ಮೀರಿದೆ. ಎಕ್ಸಾನ್ ಎಂಬ ಸಂಸ್ಥೆಯ ವಿಜ್ಞಾನಿಗಳೇ 1970ರ ಮತ್ತು 80ರ ದಶಕಗಳಲ್ಲಿ ಮುಂದೆ ಕಾವು ಎಷ್ಟು ಏರೀತೆಂದು ಲೆಕ್ಕಹಾಕಿದ್ದರು. 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಪರಿಶೀಲನೆಯಂತೆ ಆ ಲೆಕ್ಕಗಳು ಬಹುಮಟ್ಟಿಗೆ ನಿಜವಾಗಿವೆ. ಆದರೆ ಆ ಸಂಸ್ಥೆಯು ಹೊರಗೆ ಬಹುಕಾಲ ಸಾರುತ್ತ ಬಂದದ್ದು ಈ ವಿಷಯದಲ್ಲಿ ಸಂಶಯವು ಬಹಳವಿದೆಯೆಂದು. ನೆಲದ ಕೆಳಗೆ ಮೂರರಲ್ಲೊಂದು ಪಾಲಿನ ಸಂಭವಕ್ಕೆ ಕೋಟಿಗಳನ್ನು ಸುರಿಯುವವರು, ನೆಲದ ಮೇಲೆ ಅದಕ್ಕಿಂತ ಎಷ್ಟೋ ಬಲವಾದ ಅನುಮಾನವನ್ನು ಇನ್ನೂ ಸಾಲದೆಂದು ತಳ್ಳಿದರೆ ಅದು ಅರ್ಧಜರತೀಯನ್ಯಾಯ. ಒಂದೇ ಹೆಂಗಸು ಅರ್ಧ ಮುದುಕಿ ಅರ್ಧ ತರುಣಿಯಾಗಿರಲಾರಳು. ಒಂದೇ ಪ್ರಮಾಣವನ್ನು ಲಾಭವಿರುವಲ್ಲಿ ಒಪ್ಪಿ ಹೊಣೆಯಿರುವಲ್ಲಿ ಬಿಡುವುದೂ ಆಗದು.

ಈ ಎರಡು ದೋಷಗಳೂ ದೂರದ ಸಿರಿವಂತರವು, ನಮಗೇನೆಂದು ವಾಚಕರು ಕೇಳಬಹುದು. ಎಣ್ಣೆಯಿಲ್ಲದ ನಮ್ಮ ನೆಲದಲ್ಲಿಯೂ ಕೊರೆಯುವ ಕೆಲಸಕ್ಕೆ ಬಿಡುವಿಲ್ಲ. ಗಟ್ಟಿಶಿಲೆಯ ನಾಡಿನಲ್ಲಿ ನೀರು ಮೇಲಣ ಶಿಥಿಲವಾದ ಕಲ್ಲಿನಲ್ಲಿಯೂ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುವುದರಿಂದ ಕೊಳವೆಬಾವಿಯೂ ಒಂದು ಅನುಮಾನವೇ. ರೈತನ ಮುಂದೆ ಇಬ್ಬರು ಬರುತ್ತಾರೆಂದಿಟ್ಟುಕೊಳ್ಳೋಣ. ಒಬ್ಬನು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು "ಇಲ್ಲಿ ಖಂಡಿತ ನೀರಿದೆ, ನನ್ನ ಮಾತು ಸುಳ್ಳಾಗದು" ಎನ್ನುತ್ತಾನೆ. ಇನ್ನೊಬ್ಬನು ಕಲ್ಲು, ಇಳಿಜಾರು, ಸುತ್ತಲ ಬಾವಿಗಳು ಇವನ್ನೆಲ್ಲ ನೋಡಿ, "ಸಂಭವ ಅರ್ಧಕ್ಕರ್ಧ, ಸಾಲ ಮಾಡಿ ಕೊರೆಯಿಸುವುದಾದರೆ ಬರಿದಾದಾಗ ಏನು ಗತಿಯೆಂದು ಮೊದಲೇ ಯೋಚಿಸಿ" ಎನ್ನುತ್ತಾನೆ. ನಾವು ದಕ್ಷಿಣೆ ಕೊಡುವುದು ಯಾರಿಗೆ? ಮೊದಲನೆಯವನ ಬಾವಿ ಬರಿದಾದರೆ ನಮ್ಮ ಅದೃಷ್ಟವನ್ನು ಹಳಿಯುತ್ತೇವೆ. ಎರಡನೆಯವನದು ಬರಿದಾದರೆ ಅವನ ವಿದ್ಯೆಯನ್ನು ಹಳಿಯುತ್ತೇವೆ. ಸಾಲವು ಮಾತ್ರ ಎರಡು ಸಂದರ್ಭದಲ್ಲಿಯೂ ರೈತನ ತಲೆಯ ಮೇಲೆಯೇ ಉಳಿಯುತ್ತದೆ.

ವೈದ್ಯನ ಎದುರಿಗೂ ನಮ್ಮ ನಡತೆ ಇಂಥದೇ. ರೋಗಿಯ ಮಂಚದ ಬಳಿ ನಿಂತು "ಗುಣವಾಗುತ್ತದೆಯೆಂದು ಒಂದು ಮಾತು ಹೇಳಿಬಿಡಿ" ಎಂದು ಕೈಮುಗಿಯುತ್ತೇವೆ. ಹತ್ತರಲ್ಲಿ ನಾಲ್ಕು ಪಾಲೆಂದು ಸತ್ಯವನ್ನು ಹೇಳಿದವನು ನಮಗೆ ಕಲ್ಲೆದೆಯವನಾಗಿ ತೋರುತ್ತಾನೆ. ಮದುವೆಯ ಮಾತಿನಲ್ಲಿ, ಮಕ್ಕಳ ಓದಿನಲ್ಲಿ, ಹಣ ಹೂಡುವಲ್ಲಿ ನಾವು ಬೇಡುವುದು ಖಂಡಿತವೆಂಬ ಮಾತನ್ನೇ. ಬೇಡಿಕೆಯಿದ್ದ ವಸ್ತುವನ್ನು ಮಾರುವವರು ಹುಟ್ಟಿಯೇ ಹುಟ್ಟುತ್ತಾರೆ. ಆದುದರಿಂದ ಹೇಳುವವನಿಗೆ ಒಂದು ಧರ್ಮವಿರುವಂತೆ ಕೇಳುವವನಿಗೂ ಒಂದುಂಟು. ತೂಕಮಾಡಿ ಹೇಳಿದ ಮಾತನ್ನು ತೂಕಮಾಡಿಯೇ ಕೇಳಬೇಕು. ಬರಿದಾದ ಒಂದು ಬಾವಿಯನ್ನು ತೋರಿಸಿ ಋಜುವಾದವನನ್ನು ಹೀಯಾಳಿಸಬಾರದು. ತುಂಬಿದ ಒಂದು ಬಾವಿಯನ್ನು ಕಂಡು ಡಂಭಾಚಾರಿಗೆ ಹಾರ ಹಾಕಬಾರದು.

ಬೆಟ್ಟದ ಮೇಲಿನ ಬೆಂಕಿಯನ್ನು ಬಿಟ್ಟರೆ ನಮ್ಮ ಬಾಳಿನ ಮುಖ್ಯವಾದ ವಿಷಯಗಳಲ್ಲಿ ಬಹುಪಾಲು ಭೂಮಿಯೊಳಗಿನ ಎಣ್ಣೆಯಂಥವು. ಅಲ್ಲಿ ಪ್ರತ್ಯಕ್ಷಕ್ಕೆ ಕಾದು ಕುಳಿತರೆ ಕಾಲ ಮೀರುತ್ತದೆ. ನಿಶ್ಚಯವನ್ನು ನಟಿಸಿದರೆ ಧರ್ಮ ಮೀರುತ್ತದೆ. ಉಳಿದಿರುವುದು ಅನುಮಾನವೊಂದೇ, ಅದರ ಎರಡು ಅರ್ಥಗಳಲ್ಲಿಯೂ. ಕನ್ನಡಿಗರು ಈ ಒಂದು ಶಬ್ದಕ್ಕೆ ಪ್ರಮಾಣವನ್ನೂ ಸಂಶಯವನ್ನೂ ಒಟ್ಟಿಗೆ ಕಟ್ಟಿಕೊಟ್ಟದ್ದು ತಿಳಿಯದೆ ಆದದ್ದಿರಬಹುದು. ಅವುಗಳನ್ನು ಬಿಚ್ಚದೆ ಬಳಸುವುದು ಮಾತ್ರ ತಿಳಿದೇ ಮಾಡಬೇಕಾದ ಕೆಲಸ.